ಅಮ್ಮನ ಮರೆವು: ಅರಳು ಮರಳು ಅಂತ ಸುಮ್ಮನಿರಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಬೆಂಗಳೂರಿನಿಂದ

ನಮ್ಮ ಅಮ್ಮನಿಗೆ 72 ವರ್ಷ. ಹಾಸನದ ಹತ್ತಿರ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಒಂದು ವರ್ಷದಿಂದ ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿದೆ. ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ಮೂರು ಸಲ "ಊಟ ಆಯ್ತಾ" ಅಂತ ಕೇಳುತ್ತಾರೆ. ಆದರೆ 1975ರಲ್ಲಿ ತಮ್ಮ ಮದುವೆಗೆ ಯಾರು ಯಾವ ಪಾತ್ರೆ ಮುಯ್ಯಿ ಹಾಕಿದರು ಅನ್ನುವುದು ಒಂದೂ ತಪ್ಪುವುದಿಲ್ಲ.

ಹೋದ ತಿಂಗಳು ಅವರ ಎರಡೆಳೆ ಸರ ಕಾಣೆಯಾಯಿತು. ಹದಿನೈದು ವರ್ಷದಿಂದ ಮನೆಗೆಲಸಕ್ಕೆ ಬರುತ್ತಿದ್ದವರೇ ಕದ್ದರು ಅಂತ ಹಟ ಹಿಡಿದರು. ನಾನೂ ಅಮ್ಮನ ಮಾತು ನಂಬಿ ಅವರನ್ನು ಬಿಡಿಸಿದೆ. ಈಗ ಯಾಕೋ ಅನುಮಾನ.

ನೆಂಟರೆಲ್ಲ "ಅರವತ್ತಕ್ಕೆ ಅರಳು ಮರಳು, ಬಿಡು" ಅನ್ನುತ್ತಾರೆ. ಒಬ್ಬ ಡಾಕ್ಟರು ಐದು ನಿಮಿಷ ನೋಡಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರಬಹುದು ಅಂತ ಒಂದು ಮಾತ್ರೆ ಬರೆದರು. ಏನೇನು ಪರೀಕ್ಷೆ ಮಾಡಿಸಬೇಕು? ಹೊಸ ಔಷಧಿ ಬಂದಿದೆಯಂತೆ, ನಿಜವಾ? ದಿನನಿತ್ಯ ಹೇಗೆ ನಿಭಾಯಿಸಿದಿರಿ? ಕೊನೆಗೆ ಒಂದು ಸ್ವಾರ್ಥದ ಪ್ರಶ್ನೆ: ನನಗೂ ಬರುತ್ತಾ?

ತುಮಕೂರಿನಿಂದ

ಮಾತ್ರೆ ಶುರು ಮಾಡುವ ಮುಂಚೆ ಇದನ್ನು ಓದಿ.

ನಮ್ಮ ಅಪ್ಪನಿಗೆ 76. ಹೃದಯದ ತೊಂದರೆಗೆ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರು. ಒಂದು ದಿನ ಬಚ್ಚಲಲ್ಲಿ ಜಾರಿದರು. ತಲೆ ಗೋಡೆಗೆ ತಾಗಿತು, ರಕ್ತ ಬರಲಿಲ್ಲ, ಎದ್ದು ಕಾಫಿ ಕುಡಿದರು. ಎಲ್ಲರೂ ಮರೆತೆವು. ಐದು ವಾರದ ಮೇಲೆ ಲುಂಗಿ ಉಡಲು ತಡಕಾಡತೊಡಗಿದರು. ಹಗಲೆಲ್ಲ ತೂಕಡಿಕೆ. ನನ್ನನ್ನು ತಮ್ಮ ತಮ್ಮನ ಹೆಸರಿನಿಂದ ಕರೆದರು. ನಾವೂ ವಯಸ್ಸಾಯ್ತು ಅಂದುಕೊಂಡೆವು. ಸಿಟಿ ಸ್ಕ್ಯಾನ್ ಮಾಡಿಸಿದಾಗ ತಲೆಬುರುಡೆಗೂ ಮೆದುಳಿಗೂ ನಡುವೆ ಹಳೆಯ ರಕ್ತ ನಿಂತಿತ್ತು. ಸಣ್ಣ ರಂಧ್ರ ಕೊರೆದು ತೆಗೆದರು. ಮೂರನೇ ದಿನ ಪೇಪರ್ ಕೇಳಿದರು.

ಎಲ್ಲರ ಕಥೆಯೂ ಹೀಗೆ ಮುಗಿಯುವುದಿಲ್ಲ, ಗೊತ್ತು. ನಿಮ್ಮ ಅಮ್ಮನದು ಒಂದು ವರ್ಷದಿಂದ ನಿಧಾನವಾಗಿ ಬಂದಿದೆ, ಅದು ಬೇರೆ ರೀತಿ. ಆದರೂ ಸರಿಪಡಿಸಬಹುದಾದ ಕಾರಣಗಳನ್ನು ಮೊದಲು ನೋಡಲೇಬೇಕು. ವಿಟಮಿನ್ ಬಿ12 ಕಡಿಮೆಯಾದರೆ ಮರೆವು ಬರುತ್ತದೆ. ಮಾಂಸ ತಿನ್ನದವರಿಗೆ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡವರಿಗೆ, ದಿನಾ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಿಗೆ ಇದು ಜಾಸ್ತಿ. ಥೈರಾಯ್ಡ್ ನೋಡಿಸಿ. ಸೋಡಿಯಂ ನೋಡಿಸಿ. ತಲೆಯ ಸಿಟಿ ಅಥವಾ ಎಂಆರ್‌ಐ ಆಗಲಿ. ಖಿನ್ನತೆ ಇದೆಯಾ ಅಂತ ಕೇಳಿಸಿ. ಒಂಟಿಯಾಗಿ ಇರುವ ವಯಸ್ಸಾದವರಲ್ಲಿ ಅದು ಥೇಟ್ ಮರೆವಿನ ಕಾಯಿಲೆಯಂತೆಯೇ ಕಾಣುತ್ತದೆ.

ಇನ್ನೊಂದು. ಅಮ್ಮ ತಗೊಳ್ಳುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ನಿದ್ದೆ ಮಾತ್ರೆ, ಕೆಲವು ಹಳೆಯ ಅಲರ್ಜಿ ಮಾತ್ರೆ, ಮೂತ್ರ ತಡೆಯಲು ಕೊಡುವ ಕೆಲವು ಮಾತ್ರೆ, ಇವೆಲ್ಲ ತಲೆ ಮಂಕು ಮಾಡುತ್ತವೆ. ಐದು ನಿಮಿಷದಲ್ಲಿ ಇದೆಲ್ಲ ಆಗುವ ಕೆಲಸ ಅಲ್ಲ.

ಶಿವಮೊಗ್ಗದಿಂದ

ಏಳು ವರ್ಷ ಅತ್ತೆಯನ್ನು ನೋಡಿಕೊಂಡೆ. ಅವರಿಗೆ ಇದ್ದದ್ದು ಆಲ್ಝೈಮರ್. ಡಿಮೆನ್ಷಿಯಾ ಅನ್ನುವುದು ಜ್ವರ ಇದ್ದ ಹಾಗೆ, ಅದರ ಹಿಂದೆ ಬೇರೆ ಬೇರೆ ಕಾಯಿಲೆ ಇರುತ್ತವೆ. ಜಾಸ್ತಿ ಇರುವುದು ಆಲ್ಝೈಮರ್, ನೂರರಲ್ಲಿ 60ರಿಂದ 70. ಮೆದುಳಿನ ರಕ್ತನಾಳ ಕಟ್ಟಿ ಬರುವುದು ಒಂದು. ಇಲ್ಲದ ಮನುಷ್ಯರು, ಪ್ರಾಣಿಗಳು ಕಾಣಿಸುವ ಲೂಯಿ ಬಾಡಿ ಅಂತ ಇನ್ನೊಂದು. ಯಾವುದು ಅಂತ ಗೊತ್ತಾಗುವುದು ಮುಖ್ಯ. ಯಾಕೆಂದರೆ ಗಲಾಟೆ ತಡೆಯಲು ಕೊಡುವ ಕೆಲವು ಮಾತ್ರೆ ಲೂಯಿ ಬಾಡಿ ಇರುವವರಿಗೆ ತುಂಬಾ ಕೆಟ್ಟದ್ದು ಮಾಡುತ್ತವೆ.

ಈಗ ಸರದ ವಿಷಯ. ಕದ್ದರು ಅನ್ನುವುದು ಈ ಕಾಯಿಲೆಯ ಮಾತು, ನಿಮ್ಮ ಅಮ್ಮನ ಬುದ್ಧಿ ಅಲ್ಲ. ಜೋಪಾನವಾಗಿರಲಿ ಅಂತ ಒಂದು ಕಡೆ ಇಡುತ್ತಾರೆ. ಇಟ್ಟದ್ದು ಅಳಿಸಿಹೋಗುತ್ತದೆ. ಆಮೇಲೆ ಖಾಲಿ ಜಾಗ ಕಾಣುತ್ತದೆ, ಅದಕ್ಕೊಂದು ಕಾರಣ ಬೇಕಲ್ಲ, ಕಳ್ಳ ಹುಟ್ಟುತ್ತಾನೆ. ನಮ್ಮ ಮನೆಯಲ್ಲಿ ಆ ಕಳ್ಳಿ ನಾನೇ ಆಗಿದ್ದೆ. ಎರಡು ವರ್ಷ! ಅಕ್ಕಿ ಡಬ್ಬ, ಹಳೆಯ ಸೀರೆಯ ಮಡಿಕೆ, ದೇವರ ಕೋಣೆಯ ಪೆಟ್ಟಿಗೆ, ಎಲ್ಲ ಹುಡುಕಿ.

ಹಳೆಯದು ನೆನಪಿದೆ, ಹೊಸದು ಇಲ್ಲ ಅಂದಿರಿ. ಹೊಸ ನೆನಪು ಕೂಡಿಸುವ ಮೆದುಳಿನ ಭಾಗವನ್ನೇ ಆಲ್ಝೈಮರ್ ಮೊದಲು ಹಿಡಿಯುತ್ತದೆ. ನಾಟಕ ಮಾಡುತ್ತಾರೆ, ಬೇಕಾದ್ದು ಮಾತ್ರ ನೆನಪಿರುತ್ತದೆ ಅಂತ ನಮ್ಮ ನಾದಿನಿ ಹೇಳುತ್ತಿದ್ದಳು. ಅವಳು ಬರುತ್ತಿದ್ದದ್ದು ವರ್ಷಕ್ಕೆ ಎರಡು ಸಲ, ಹೇಳುವುದು ಸುಲಭ.

ಅತ್ತೆಯ ತಾಯ್ನುಡಿ ತುಳು. ಮದುವೆಯಾಗಿ ಬಂದು ಐವತ್ತು ವರ್ಷ ಕನ್ನಡದಲ್ಲೇ ಸಂಸಾರ ಮಾಡಿದ್ದರು. ನಾಲ್ಕನೇ ವರ್ಷದ ಹೊತ್ತಿಗೆ ಕನ್ನಡ ಸವೆಯಿತು, ತುಳು ಉಳಿಯಿತು. ಸಂಜೆ ಐದಾದರೆ ಸಾಕು, ಬಾಗಿಲ ಹತ್ತಿರ ನಿಂತು "ಎಂಕ್ ಇಲ್ಲಡೆ ಪೋವೊಡು". ನನಗೆ ಮನೆಗೆ ಹೋಗಬೇಕು ಅಂತ. ಮೊದಮೊದಲು ನಾನು ವಾದ ಮಾಡುತ್ತಿದ್ದೆ. ಇದೇ ನಿಮ್ಮ ಮನೆ, ನಿಮ್ಮ ಅಮ್ಮ ಹೋಗಿ ಮೂವತ್ತು ವರ್ಷ ಆಯ್ತು ಅಂತ. ಪ್ರತಿ ಸಂಜೆ ಅವರಿಗೆ ಅಮ್ಮ ಹೊಸದಾಗಿ ಸತ್ತ ಹಾಗೆ ಆಗುತ್ತಿತ್ತು. ಅದು ನನಗೆ ಅರ್ಥವಾಗಲು ಆರು ತಿಂಗಳು ಬೇಕಾಯಿತು. ಆಮೇಲೆ ಪಕ್ಕದ ಮನೆಯ ಹುಡುಗಿಯಿಂದ ನಾಲ್ಕು ವಾಕ್ಯ ತುಳು ಕಲಿತೆ. "ಹೋಗೋಣ, ಕಾಫಿ ಕುಡಿದು ಹೋಗೋಣ" ಅನ್ನುತ್ತಿದ್ದೆ. ಕಾಫಿ ಮುಗಿಯುವಷ್ಟರಲ್ಲಿ ಎಷ್ಟೋ ದಿನ ಮನೆ ಮರೆತಿರುತ್ತಿತ್ತು. ಮರೆಯದ ದಿನ ಚಪ್ಪಲಿ ಹಾಕಿಕೊಂಡು ಎರಡು ಬೀದಿ ಸುತ್ತಿ ಬರುತ್ತಿದ್ದೆವು. ಸಂಜೆಗೆ ಮುಂಚೆಯೇ ಎಲ್ಲ ದೀಪ ಹಾಕಿ, ನೆರಳು ಬೀಳದ ಹಾಗೆ. ಆ ಹೊತ್ತಿನ ಗಾಬರಿ ಎಷ್ಟೋ ಕಡಿಮೆಯಾಗುತ್ತದೆ.

ಸಣ್ಣಪುಟ್ಟದ್ದು: ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ರಾತ್ರಿ ತೆಗೆದಿಡಿ. ಬಚ್ಚಲಿನ ಒಳ ಚಿಲಕ ಕಿತ್ತುಹಾಕಿ. ಕಪ್ಪು ಕಾಲೊರೆಸು ಅವರಿಗೆ ಗುಂಡಿಯ ಹಾಗೆ ಕಾಣುತ್ತದೆ, ದಾಟಲು ಹೆದರುತ್ತಾರೆ, ತೆಗೆಯಿರಿ. ಕನ್ನಡಿಯಲ್ಲಿ ಯಾರೋ ಇದ್ದಾರೆ ಅಂತ ಬೈಯತೊಡಗಿದರೆ ಬಟ್ಟೆ ಮುಚ್ಚಿ. ಒಂದು ಬಳೆಗೋ ಪದಕಕ್ಕೋ ನಿಮ್ಮ ಫೋನ್ ನಂಬರ್ ಕೆತ್ತಿಸಿ. ಒಂದೇ ದಿನದಲ್ಲಿ ಇದ್ದಕ್ಕಿದ್ದ ಹಾಗೆ ಕೆಟ್ಟರೆ ಅದು ಡಿಮೆನ್ಷಿಯಾ ಮುಂದುವರಿದದ್ದು ಅಂದುಕೊಳ್ಳಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಹಲ್ಲುನೋವು ಇರಬಹುದು. ಅತ್ತೆ ಒಮ್ಮೆ ಮೂರು ದಿನ ಎಲ್ಲರಿಗೂ ಹೊಡೆದರು. ಮೂತ್ರ ಪರೀಕ್ಷೆ ಮಾಡಿಸಿ ಆಂಟಿಬಯಾಟಿಕ್ ಕೊಟ್ಟ ಮೇಲೆ ಸರಿಹೋದರು.

ಮರೆವಿಗೆ ಡೊನೆಪೆಜಿಲ್ ಅನ್ನುವ ಮಾತ್ರೆ ಕೊಟ್ಟಿದ್ದರು. ಮೊದಲ ವರ್ಷ ಸ್ವಲ್ಪ ಚುರುಕಾದರು ಅನ್ನಿಸಿತು. ಭೇದಿ, ಕೆಟ್ಟ ಕನಸು ಬರುತ್ತಿತ್ತು. ನಾಡಿ ನಿಧಾನ ಆಗಬಹುದು ಅಂತ ಇಸಿಜಿ ಮೊದಲೇ ತೆಗೆಸಿದ್ದರು. ಕಾಯಿಲೆಯನ್ನು ಅದು ನಿಲ್ಲಿಸುವುದಿಲ್ಲ. ಅಷ್ಟು ತಿಳಿದು ಕೊಡಿಸಿ.

ನಿಮ್ಮ ನಿದ್ದೆಯ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಕೇಳುತ್ತಿದ್ದೇನೆ. ವಾರಕ್ಕೆ ಒಂದು ರಾತ್ರಿಯಾದರೂ ಬೇರೆ ಯಾರಾದರೂ ಎದ್ದಿರಲಿ. ನಾನು ಐದನೇ ವರ್ಷ ಅತ್ತೆಯ ಮೇಲೆ ಕೈ ಎತ್ತಿದ್ದೆ. ಹೊಡೆಯಲಿಲ್ಲ. ಆ ರಾತ್ರಿಯೇ ಗಂಡನಿಗೆ ಹೇಳಿದೆ, ಇನ್ನು ಒಬ್ಬಳಿಂದ ಆಗುವುದಿಲ್ಲ ಅಂತ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯರ ಸಹಾಯವಾಣಿ 14567. ಕಾಯಿಲೆಯವರಿಗೆ ಮಾತ್ರ ಅಲ್ಲ, ನೋಡಿಕೊಳ್ಳುವವರಿಗೂ ಇದು ಬೇಕಾಗುತ್ತದೆ.

ಶ್ರೀನಿವಾಸಪುರದಿಂದ

ನಮ್ಮದು ಮಾವಿನ ಊರು ಅಂತಲೇ ಎಲ್ಲರಿಗೂ ಗೊತ್ತು. ಈಗ ಮೆದುಳಿನ ಸಂಶೋಧಕರಿಗೂ ಗೊತ್ತು. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಮಾಡುತ್ತಿದ್ದಾರೆ. ಹತ್ತು ಸಾವಿರ ಜನರನ್ನು ಸೇರಿಸುವ ಗುರಿ. ನಾನೂ ಹೋಗಿದ್ದೆ. ರಕ್ತ ತೆಗೆದರು, ನಡೆಸಿ ನೋಡಿದರು, ನೆನಪಿನ ಪರೀಕ್ಷೆ ಮಾಡಿದರು, ಎಂಆರ್‌ಐ ಆಯಿತು. ನನಗೇನು ಕಾಯಿಲೆ ಅಂತ ಹೆಂಡತಿ ಗಾಬರಿ ಆಗಿದ್ದಳು. ಕಾಯಿಲೆ ಇಲ್ಲದವರನ್ನೇ ನೋಡಬೇಕಂತೆ. ಆಲ್ಝೈಮರ್‌ನಲ್ಲಿ ಮೆದುಳಿನಲ್ಲಿ ಅಮೈಲಾಯ್ಡ್ ಅನ್ನುವ ಪ್ರೋಟೀನು ಶೇಖರವಾಗಲು ಶುರುವಾಗುವುದು ಮರೆವು ಕಾಣಿಸುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮುಂಚೆ.

ಹಳ್ಳಿಯಲ್ಲೇ ಯಾಕೆ? ಇಷ್ಟು ದಿನದ ಲೆಕ್ಕವೆಲ್ಲ ಹೆಚ್ಚಾಗಿ ಓದಿದ ಬಿಳಿಯರದ್ದು. ನೆನಪಿನ ಪರೀಕ್ಷೆಯಲ್ಲಿ ಗಡಿಯಾರದ ಚಿತ್ರ ಬರಿ, ನೂರರಿಂದ ಏಳೇಳು ಕಳೆ ಅನ್ನುತ್ತಾರೆ. ಪೆನ್ಸಿಲ್ಲೇ ಹಿಡಿಯದ ನಮ್ಮ ಅವ್ವನಿಗೆ ಗಡಿಯಾರ ಬರಿ ಅಂದರೆ? ಅವಳು ಮಾವಿನ ತೋಪಿನ ಲೆಕ್ಕ ಬೆರಳಲ್ಲೇ ಹೇಳುತ್ತಿದ್ದವಳು. ಹಾಗಾಗಿ ನಿಮ್ಮ ಅಮ್ಮ ಎಷ್ಟು ಓದಿದ್ದಾರೆ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಪರೀಕ್ಷೆ ಕನ್ನಡದಲ್ಲೇ ಮಾಡಿ ಅಂತ ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಶುರು ಮಾಡಿದ ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್‌ನಿಂದ ಜಿಲ್ಲಾ ಆಸ್ಪತ್ರೆಗಳಲ್ಲೂ ಮೆದುಳಿನ ಕ್ಲಿನಿಕ್ ಬಂದಿವೆ. ನಮ್ಮ ಕೋಲಾರ ಮೊದಲ ಪಟ್ಟಿಯಲ್ಲೇ ಇತ್ತು. ಹಾಸನದಲ್ಲಿ ವಿಚಾರಿಸಿ, ಎಲ್ಲದಕ್ಕೂ ಬೆಂಗಳೂರಿಗೆ ಎಳೆದು ತರಬೇಡಿ.

ನನಗೂ ಬರುತ್ತಾ ಅಂದಿರಿ. ಸ್ವಾರ್ಥ ಏನಿಲ್ಲ, ನಾನೂ ಅದನ್ನೇ ಕೇಳಿದ್ದೆ. ಅಮ್ಮನಿಗೆ ಬಂದರೆ ಮಕ್ಕಳಿಗೆ ಬಂದೇ ಬರುತ್ತದೆ ಅಂತಿಲ್ಲ. ಅಪಾಯ ಸ್ವಲ್ಪ ಜಾಸ್ತಿ, ಅಷ್ಟೇ. ನೇರವಾಗಿ ವಂಶದಲ್ಲಿ ಇಳಿಯುವ ಬಗೆ ತೀರಾ ಅಪರೂಪ, ಅದು ಸಾಮಾನ್ಯವಾಗಿ 65ಕ್ಕಿಂತ ಮುಂಚೆಯೇ ಕಾಣಿಸಿಕೊಳ್ಳುತ್ತದೆ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಹೇಳಿದ್ದು ಇದು: 14 ಅಪಾಯಗಳನ್ನು ಬದುಕಿನುದ್ದಕ್ಕೂ ತಡೆದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇ 45ರಷ್ಟನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು. ಬಿಪಿ, ಸಕ್ಕರೆ, ಸಿಗರೇಟು, ಕುಡಿತ, ಬೊಜ್ಜು, ಕೂತೇ ಇರುವುದು, ತಲೆಪೆಟ್ಟು, ಖಿನ್ನತೆ, ಒಂಟಿತನ, ಹೊಗೆ ತುಂಬಿದ ಗಾಳಿ, ಓದು ಸಿಗದಿರುವುದು, ಕಿವಿ ಕೇಳದಿರುವುದು. ಹೊಸದಾಗಿ ಸೇರಿದ್ದು ಕೆಟ್ಟ ಕೊಲೆಸ್ಟರಾಲ್ ಮತ್ತು ಮಂದ ದೃಷ್ಟಿ. ಇದರಲ್ಲಿ ನನ್ನ ಪಾಲಿಗೆ ಐದು ಬಿದ್ದವು.

ಕಿವಿಯ ವಿಷಯ ಕೇಳಿ ನನಗೆ ಆಶ್ಚರ್ಯ ಆಗಿತ್ತು. ಅಮೆರಿಕದಲ್ಲಿ 977 ವೃದ್ಧರ ಮೇಲೆ ಮೂರು ವರ್ಷ ಶ್ರವಣಯಂತ್ರದ ಪ್ರಯೋಗ ಮಾಡಿ 2023ರಲ್ಲಿ ಪ್ರಕಟಿಸಿದರು. ಎಲ್ಲರನ್ನೂ ಸೇರಿಸಿ ನೋಡಿದರೆ ವ್ಯತ್ಯಾಸ ಇಲ್ಲ. ಆದರೆ ಮೊದಲೇ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ ಬುದ್ಧಿ ಕುಂದುವುದು ಶೇ 48ರಷ್ಟು ನಿಧಾನವಾಯಿತು. ನಿಮ್ಮ ಅಮ್ಮನಿಗೆ ಕಿವಿ ಹೇಗಿದೆ? "ಊಟ ಆಯ್ತಾ" ಅಂತ ಮತ್ತೆ ಮತ್ತೆ ಕೇಳುವುದರಲ್ಲಿ ಒಂದು ಪಾಲು ನಿಮ್ಮ ಉತ್ತರ ಕೇಳಿಸದಿರುವುದೂ ಇರಬಹುದಲ್ವಾ?

ಶಿರಸಿಯಿಂದ

ಬ್ರಾಹ್ಮಿ ತುಪ್ಪ ಕೊಟ್ಟರೆ ಮೂರು ತಿಂಗಳಲ್ಲಿ ವಾಸಿ ಅಂತ ಒಬ್ಬರು ನಮ್ಮಿಂದ ಚೆನ್ನಾಗಿ ದುಡ್ಡು ಕಿತ್ತರು. ಒಂದೆಲಗದ ತಂಬುಳಿ ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಆಗುತ್ತದೆ. ತುಂಬಾ ರುಚಿ. ಅಪ್ಪ ಅದನ್ನು ಎಂಬತ್ತು ವರ್ಷ ಉಂಡರು, ಮರೆವು ಬಂದೇ ಬಂತು. ಉಣ್ಣಿ, ಆದರೆ ಬಿಪಿ ಮಾತ್ರೆ ನಿಲ್ಲಿಸಿ ಉಣ್ಣಬೇಡಿ.

ನ್ಯೂಜೆರ್ಸಿಯಿಂದ

ಹೊಸ ಔಷಧಿಯ ಬಗ್ಗೆ ನಾನು ಹೇಳಬಲ್ಲೆ. ನಮ್ಮ ಮಾವ ಇಲ್ಲೇ ಇದ್ದಾರೆ, 74. ಆರಂಭದ ಹಂತದ ಆಲ್ಝೈಮರ್ ಅಂತ ಗೊತ್ತಾದಾಗ ಲೆಕಾನೆಮ್ಯಾಬ್ ಕೇಳಿದೆವು. ಅಮೆರಿಕದಲ್ಲಿ 2023ರ ಜುಲೈನಲ್ಲಿ ಪೂರ್ತಿ ಒಪ್ಪಿಗೆ ಸಿಕ್ಕ ಔಷಧಿ ಅದು. ಡೊನಾನೆಮ್ಯಾಬ್ ಅನ್ನುವುದಕ್ಕೆ 2024ರ ಜುಲೈನಲ್ಲಿ ಸಿಕ್ಕಿತು. ಎರಡೂ ಮೆದುಳಿನ ಅಮೈಲಾಯ್ಡ್ ತೆಗೆಯುತ್ತವೆ. ಪೇಪರಿನಲ್ಲಿ ಬಂದ ಸಂಭ್ರಮ ನೋಡಿ ಮಾವ ಮೊದಲಿನಂತೆ ಆಗುತ್ತಾರೆ ಅಂದುಕೊಂಡಿದ್ದೆವು.

ನರರೋಗ ತಜ್ಞೆ ಕೂರಿಸಿ ಹೇಳಿದರು. ಹದಿನೆಂಟು ತಿಂಗಳ ಪ್ರಯೋಗದಲ್ಲಿ ಲೆಕಾನೆಮ್ಯಾಬ್ ಪಡೆದವರೂ ಕೆಳಗೇ ಇಳಿದರು. ಔಷಧಿ ಇಲ್ಲದವರಿಗಿಂತ ಶೇ 27ರಷ್ಟು ನಿಧಾನವಾಗಿ ಇಳಿದರು. ಹೋದ ನೆನಪು ವಾಪಸ್ ಬರುವುದಿಲ್ಲ. ಮೊದಲಿಗೆ ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಡ್ರಿಪ್, ನಡುನಡುವೆ ಎಂಆರ್‌ಐ. ಮೆದುಳು ಊದಿಕೊಳ್ಳುವ, ಸಣ್ಣ ರಕ್ತಸ್ರಾವ ಆಗುವ ಅಪಾಯ ಇದೆ. ಎಪಿಒಇ4 ಅನ್ನುವ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬಂದಿದ್ದರೆ ಅಪಾಯ ಇನ್ನೂ ಜಾಸ್ತಿ. ಬೆಲೆ ವರ್ಷಕ್ಕೆ 26,500 ಡಾಲರ್ ಅಂತ ಕಂಪನಿ ಇಟ್ಟಿತ್ತು. ಮಾವ ರಕ್ತ ತೆಳು ಮಾಡುವ ಔಷಧಿ ತಗೊಳ್ಳುತ್ತಿದ್ದರು. ಬೇಡ ಅಂತ ತೀರ್ಮಾನಿಸಿದೆವು. ಅದು ಸರಿಯಾ ತಪ್ಪಾ ಅಂತ ನನ್ನ ಹೆಂಡತಿ ಈಗಲೂ ರಾತ್ರಿ ಕೇಳುತ್ತಾಳೆ.

ರಕ್ತದಲ್ಲೇ ಆಲ್ಝೈಮರ್ ಗುರುತು ನೋಡುವ ಒಂದು ಪರೀಕ್ಷೆಗೆ ಇಲ್ಲಿ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿದೆ. 55 ದಾಟಿ, ಲಕ್ಷಣ ಇರುವವರಿಗೆ ಮಾತ್ರ. ಏನೂ ತೊಂದರೆ ಇಲ್ಲದ ನೀವು ಕುತೂಹಲಕ್ಕೆ ಮಾಡಿಸಿಕೊಳ್ಳುವಂಥದ್ದಲ್ಲ.

ನಾವು ಬೇರೆ ದಾರಿ ಹಿಡಿದೆವು. 2025ರಲ್ಲಿ ಪ್ರಕಟವಾದ ಪಾಯಿಂಟರ್ ಅಧ್ಯಯನದಲ್ಲಿ ಇಲ್ಲಿನ 2,111 ಜನ ಎರಡು ವರ್ಷ ವ್ಯಾಯಾಮ, ಊಟ, ಬುದ್ಧಿಗೆ ಕೆಲಸ, ಜನರ ಒಡನಾಟ, ಬಿಪಿ ನಿಗಾ ಎಲ್ಲ ಒಟ್ಟಿಗೆ ಮಾಡಿದರು. ತಾವೇ ಮಾಡಿಕೊಂಡವರಿಗೂ ಒಳ್ಳೆಯದಾಯಿತು, ಗುಂಪಿನಲ್ಲಿ ಮಾರ್ಗದರ್ಶನ ಪಡೆದು ಮಾಡಿದವರಿಗೆ ಸ್ವಲ್ಪ ಹೆಚ್ಚು. ಅವರೆಲ್ಲ ಡಿಮೆನ್ಷಿಯಾ ಬರದವರು, ಮಾವನಿಗೆ ಅದು ಎಷ್ಟು ಅನ್ವಯಿಸುತ್ತದೋ. ಆದರೂ ಕನ್ನಡ ಕೂಟದ ಹಿರಿಯರ ಜೊತೆ ದಿನಾ ನಡೆಯುತ್ತಾರೆ. ಹೆಸರು ಮರೆತರೂ ಜಗಳ ಮರೆತಿಲ್ಲ, ರಾಜಕೀಯ ಜೋರಾಗಿಯೇ ನಡೆಯುತ್ತದೆ.

ಮಂಗಳೂರಿನಿಂದ

ಶಿವಮೊಗ್ಗದವರ ತುಳು ಓದಿ ಕಣ್ಣು ತುಂಬಿತು. ಒಂದು ಸೇರಿಸುತ್ತೇನೆ. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಡಿಮೆನ್ಷಿಯಾ ಇದ್ದ 648 ಜನರನ್ನು ನೋಡಿ 2013ರಲ್ಲಿ ಬರೆದಿದ್ದರು. ಎರಡು ಭಾಷೆ ಆಡುವವರಲ್ಲಿ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಶಾಲೆಯ ಮುಖ ನೋಡದವರಲ್ಲೂ ಅಷ್ಟೇ. ಅವರು ಈಗ ನಿಮ್ಹಾನ್ಸ್‌ನಲ್ಲಿದ್ದಾರೆ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ನಮಗೆ ಇದು ಖುಷಿಯ ಸುದ್ದಿ. ಆದರೆ ತಡ ಅಂದರೆ ತಡ, ಬರುವುದೇ ಇಲ್ಲ ಅಂತ ಅಲ್ಲ. ಹತ್ತರಷ್ಟು ಭಾಷೆ ಬಲ್ಲ ನಮ್ಮೂರಿನ ಜಾರ್ಜ್ ಫರ್ನಾಂಡಿಸ್ ಅವರಿಗೂ ಆಲ್ಝೈಮರ್ ಬಂತು.

ಧಾರವಾಡದಿಂದ

ಬ್ಯಾಂಕಿನಿಂದ ನಿವೃತ್ತ ಆದಾಂವ ನಾನು. ಎಲ್ಲರೂ ಇದನ್ನ ತಡಾ ಮಾಡತಾರ, ಅದಕ್ಕೆ ಹೇಳತೀನಿ. ಅಮ್ಮನಿಗೆ ಇನ್ನೂ ತಿಳಿವಳಿಕೆ ಇರುವಾಗಲೇ, ಅವರ ಒಪ್ಪಿಗೆಯಿಂದಲೇ, ಖಾತೆಗೆ ನಿಮ್ಮ ಹೆಸರು ಜಂಟಿಯಾಗಿ ಸೇರಿಸಿ. ನಾಮಿನಿ ನೋಡಿ. ಉಯಿಲು ಬರೆಯುವ ಮನಸ್ಸಿದ್ದರೆ ಈಗಲೇ, ಆ ದಿನದ ಡಾಕ್ಟರ ಸರ್ಟಿಫಿಕೇಟಿನ ಜೊತೆ. ಪವರ್ ಆಫ್ ಅಟಾರ್ನಿ ಇದೆ ಅಂತ ಆರಾಮಾಗಿ ಕೂಡಬೇಡಿ. ಬರೆದುಕೊಟ್ಟವರು ತಿಳಿವಳಿಕೆ ಕಳಕೊಂಡರೆ ನಮ್ಮ ಕಾಯ್ದೆಯಲ್ಲಿ ಅದು ನಿಲ್ಲುವುದಿಲ್ಲ. ಆಮೇಲೆ ಗಾರ್ಡಿಯನ್ ಆಗಲು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ನನ್ನ ಕೌಂಟರಿನ ಮುಂದೆ ಅತ್ತವರನ್ನು ಬಹಳ ನೋಡೀನಿ.

ಪ್ರಶ್ನೆ ಕೇಳಿದವರು, ಐದು ವಾರದ ಮೇಲೆ

ಎಲ್ಲರಿಗೂ ಋಣಿ. ಅಮ್ಮನನ್ನು ಹಾಸನದಲ್ಲೇ ತೋರಿಸಿದೆ. ಬಿ12 ತುಂಬಾ ಕಡಿಮೆ ಇತ್ತು, ಇಂಜೆಕ್ಷನ್ ನಡೆಯುತ್ತಿದೆ. ಎಂಆರ್‌ಐ ನೋಡಿ, ಕನ್ನಡದಲ್ಲೇ ಒಂದು ಗಂಟೆ ಪರೀಕ್ಷೆ ಮಾಡಿ, ಆಲ್ಝೈಮರ್‌ನ ಆರಂಭ ಇರಬಹುದು, ಬಿ12 ತುಂಬಿಕೊಂಡ ಮೇಲೆ ಆರು ತಿಂಗಳಿಗೆ ಮತ್ತೆ ನೋಡೋಣ ಅಂದರು. ಎಡಗಿವಿ ಹೆಚ್ಚುಕಡಿಮೆ ಕೇಳಿಸುತ್ತಲೇ ಇರಲಿಲ್ಲ. ನಾವು ಫೋನ್ ಕೊಡುತ್ತಿದ್ದದ್ದು ಅದೇ ಕಿವಿಗೆ.

ಸರ ಸಿಕ್ಕಿತು. ಅಕ್ಕಿ ಡಬ್ಬದಲ್ಲಿ ಇರಲಿಲ್ಲ. ಅಟ್ಟದ ಮೇಲಿನ ಖಾಲಿ ಉಪ್ಪಿನಕಾಯಿ ಜಾಡಿಯಲ್ಲಿ, ಅಪ್ಪನ ಹಳೆಯ ಕರ್ಚೀಫಿನಲ್ಲಿ ಗಂಟು ಕಟ್ಟಿ ಇಟ್ಟಿದ್ದರು. ಅಮ್ಮನಿಗೆ ತೋರಿಸಿದೆ. "ಯಾರದು ಇದು, ಚೆನ್ನಾಗಿದೆ" ಅಂದರು.

ಮರುದಿನ ಕೆಲಸದವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಕ್ಷಮೆ ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ ಅವರು. ಆಮೇಲೆ, ನಿಮ್ಮಮ್ಮ ಹೋದ ವರ್ಷವೇ ಒಮ್ಮೆ ನನ್ನನ್ನು ಯಾರು ಅಂತ ಕೇಳಿದ್ದರು, ಹೇಳಿದರೆ ನೀವು ನಂಬುತ್ತೀರೋ ಇಲ್ಲವೋ ಅಂತ ಸುಮ್ನಿದ್ದೆ ಅಂದರು. ಸೋಮವಾರದಿಂದ ಬರುತ್ತಾರೆ. ಸಂಬಳ ಜಾಸ್ತಿ ಬೇಕು ಅಂದಿದ್ದಾರೆ, ಕೊಡುತ್ತೇನೆ.